ತಾನೇ ಸರಿಯುವ ಅಟ್ಟೆ

ಮಿಲ್ಲಿನ ಹಾಸ್ಟೆಲ್, ಸೂಲೂರು ಹತ್ತಿರ
19 ಜನವರಿ 2025

ಭೂಪತಿ ಮಾವನಿಗೆ ವಿನೋದಿನಿಯ ನಮಸ್ಕಾರ.

ಕಾಗದದಲ್ಲಿ ಮೊದಲು ಕ್ಷೇಮ ಸಮಾಚಾರ ಇರಬೇಕು ಎಂದು ನೀವು ಕಲಿಸಿದ್ದಿರಿ. ಕ್ಷೇಮವಾಗಿದ್ದೇನೆ, ಆಯಿತು. ಈಗ ವಿಷಯಕ್ಕೆ ಬರುತ್ತೇನೆ.

ಎಂಟು ವರ್ಷದ ಹಿಂದೆ ರಜೆಗೆ ಅನ್ನೂರಿಗೆ ಬಂದಾಗ ನನ್ನನ್ನು ನಿಮ್ಮ ಮನೆಯ ಜಗಲಿಯಲ್ಲಿ ಕೂರಿಸಿ ಕನ್ನಡ ಅಕ್ಷರ ತಿದ್ದಿಸಿದಿರಲ್ಲ, ನೆನಪಿದೆಯೆ? “ಮನೇಲಿ ಆಡಕ್ಕೆ ಬತ್ತದೆ, ಅದು ಸಾಕು. ಬರ್ದು ಯಾರಿಗ್ ತೋರಿಸ್ಬೇಕು?” ಎಂದು ಅಪ್ಪ ನಕ್ಕಿದ್ದರು. ಈಗ ಅದು ಉಪಯೋಗಕ್ಕೆ ಬಂತು. ಇಲ್ಲಿ ಫೋನು ಭಾನುವಾರ ಮಾತ್ರ, ಅದೂ ವಾರ್ಡನ್ ಎದುರಿಗೆ ಹತ್ತು ನಿಮಿಷ. ಕಾಗದವನ್ನೂ ವಾರ್ಡನ್ ಕಮಲಾತಾಳ್ ಓದಿಯೇ ಅಂಟಿಸುವುದು. ನಿನ್ನೆ ಒಂದು ಹಾಳೆಯಲ್ಲಿ ಕನ್ನಡ ಬರೆದು ತೋರಿಸಿ ಪರೀಕ್ಷೆ ಮಾಡಿದೆ. ತಲೆಕೆಳಗೆ ಹಿಡಿದುಕೊಂಡು, “ಎನ್ನ ಎಳುತ್ತು ಅಮ್ಮಿಣಿ ಇದು, ತೆಲುಂಗಾ?” ಎಂದರು. ಅಲ್ಲ ಅಕ್ಕಾ, ಕನ್ನಡ, ನಮ್ಮ ಮಾಮನಿಗೆ ತಮಿಳು ಓದಲು ಬರುವುದಿಲ್ಲ ಎಂದೆ. ಇಪ್ಪತ್ತೆರಡು ವರ್ಷ ಕೊಯಮತ್ತೂರಿನ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದವರನ್ನು ಹೀಗೆ ಅನಕ್ಷರಸ್ಥ ಮಾಡಿಬಿಟ್ಟೆ, ಕ್ಷಮಿಸಿ.

ವಿಷಯ ಇಷ್ಟು. ನನ್ನ ಕರಾರು ಜೂನ್‌ಗೆ ಮುಗಿಯುತ್ತದೆ. ಮತ್ತೆ ಸಹಿ ಹಾಕಿದರೆ ಇನ್ನೂ ಎರಡು ವರ್ಷ ಇದೇ ಹಾಸ್ಟೆಲ್, ಇದೇ ಗೇಟು. ಕೊಯಮತ್ತೂರಿನಲ್ಲಿ ಒಂದು ಚಿಕ್ಕ ಕಂಪನಿ ಇದೆ, ಮಗ್ಗಗಳಿಗೆ ಪ್ರೋಗ್ರಾಂ ಬರೆಯುವವರು. ಅವರು ಡಿಗ್ರಿ ಕೇಳುವುದಿಲ್ಲ, ಜೂನ್‌ನಲ್ಲಿ ಒಂದು ಪರೀಕ್ಷೆ ಇಡುತ್ತಾರೆ, ಪಾಸಾದರೆ ಕೆಲಸ. ನಾನು ಅದನ್ನು ಬರೆಯಬೇಕು ಮಾವ. ನಾನು ಹೊರಗೆ ಕೆಲಸ ಹುಡುಕುವುದು ಇಲ್ಲಿ ಗೊತ್ತಾದರೆ ಭಾನುವಾರದ ಫೋನೂ ಇಲ್ಲ, ಊರಿಗೆ ಲೀವೂ ಇಲ್ಲ.

ಈ ತಿಂಗಳು ನನ್ನನ್ನು ನೂಲು ಪರೀಕ್ಷೆ ಮಾಡುವ ಲ್ಯಾಬಿಗೆ ಹಾಕಿದ್ದಾರೆ. ಅಲ್ಲೊಂದು ಹಳೆಯ ಕಂಪ್ಯೂಟರ್ ಇದೆ, ಶಿಫ್ಟ್ ಮುಗಿದ ಮೇಲೆ ಮುಟ್ಟಬಹುದು. ಪ್ರೋಗ್ರಾಮಿನ ಪದಗಳು ಸ್ಕೂಲಿನ ಪುಸ್ತಕದಿಂದಲೇ ಬಾಯಿಪಾಠವಾಗಿವೆ, ನೀವು ಮತ್ತೆ ಪುಸ್ತಕ ಹಿಡಿದು ಬರಬೇಡಿ. ಅಪ್ಪ ನನಗೆ ಮಗ್ಗ ಕಲಿಸಿದಾಗ ಪಾಠ ಹೇಳಲಿಲ್ಲ, ಗುಂಡಿಗೆ ಇಳಿಸಿ ಲಾಳಿ ಕೈಗೆ ಕೊಟ್ಟರು. ನಾನು ಹಾಗೇ ಕಲಿಯುತ್ತೇನೆ. ನೀವು ಲೆಕ್ಕ ಕೊಡಿ, ನಾನು ಬಡಿದು ನೋಡುತ್ತೇನೆ.

ವಿನೋದಿನಿ


ಅನ್ನೂರು
27 ಜನವರಿ 2025

ಅಮ್ಮಿಣಿಗೆ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಒತ್ತಕ್ಷರಗಳನ್ನು ಇನ್ನೂ ಮರೆತಿಲ್ಲ ಎಂದು ಸಂತೋಷವಾಯಿತು. ಉಳಿದದ್ದೆಲ್ಲ ಓದಿ ತಲೆ ಬಿಸಿಯಾಯಿತು.

ಬಡಿದು ನೋಡುತ್ತೇನೆ ಎಂದರೆ ಏನರ್ಥ? ಕಂಪ್ಯೂಟರ್ ಏನು ಬಾಗಿಲೆ? ಕೀಬೋರ್ಡ್ ಮುಟ್ಟುವ ಮೊದಲು ಆರು ತಿಂಗಳು ಕಾಗದ ಮತ್ತು ಪೆನ್ಸಿಲ್, ಇದು ನನ್ನ ಕ್ಲಾಸಿನ ನಿಯಮವಾಗಿತ್ತು. ಯಂತ್ರದ ಮುಂದೆ ಮೊದಲೇ ಕೂತವನು ಯೋಚನೆ ಮಾಡುವುದಿಲ್ಲ. ಒಂದು ಬದಲಿಸಿ ನೋಡುತ್ತಾನೆ, ಆಗಲಿಲ್ಲ, ಇನ್ನೊಂದು ಬದಲಿಸುತ್ತಾನೆ. ಕೊನೆಗೆ ಸರಿಯಾದಾಗ ಯಾಕೆ ಸರಿಯಾಯಿತು ಎಂದು ಕೇಳಿದರೆ ಬಾಯಿ ಬಿಡುತ್ತಾನೆ. ನಿಮ್ಮ ಅಪ್ಪ ಪಾಠ ಹೇಳಲಿಲ್ಲ ಅಂದೆಯಲ್ಲ, ನೀನು ಐದು ವರ್ಷದವಳಾಗಿದ್ದಾಗಿನಿಂದ ಆ ಮಗ್ಗದ ಪಕ್ಕ ಕೂತು ನೋಡಿದ್ದು ಪಾಠವಲ್ಲದೆ ಮತ್ತೇನು?

ಯಾವ ಪ್ರೋಗ್ರಾಂ ಕೊಟ್ಟರೂ ನಾನು ಕಣ್ಣು ಮುಚ್ಚಿ ತಲೆಯೊಳಗೇ ಓಡಿಸಿ ಉತ್ತರ ಹೇಳುತ್ತೇನೆ. ಯಂತ್ರ ಬೇಕಾಗುವುದು ತಲೆ ಇಲ್ಲದವರಿಗೆ.

ಆದರೂ ಒಂದು ಲೆಕ್ಕ ಕೊಡುತ್ತೇನೆ. ಒಂದರಿಂದ ಹತ್ತರವರೆಗೆ ಎಣಿಸಿ ತೋರಿಸುವ ಪ್ರೋಗ್ರಾಂ ಬರೆ. ಇಷ್ಟೇನಾ ಎಂದು ಮೂಗು ಮುರಿಯಬೇಡ.

ಭಾನುವಾರ ನನಗೆ ಫೋನ್ ಮಾಡಬೇಡ. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಸಂಜೆ ಟ್ಯೂಷನ್ ಹುಡುಗರ ಗಲಾಟೆ ಬೇರೆ, ಬಿಡುವೇ ಇರುವುದಿಲ್ಲ. ಕಾಗದವೇ ಒಳ್ಳೆಯದು.

ನಿನ್ನ ಮಾವ
ಭೂಪತಿ


ಹಾಸ್ಟೆಲ್
9 ಫೆಬ್ರವರಿ 2025

ಮಾವನಿಗೆ,

ಮೂಗು ಮುರಿದೆ. ಆದರೂ ಬರೆದೆ. ಪ್ರೋಗ್ರಾಮನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ವಾರ್ಡನ್‌ಗೆ ಗುಟ್ಟು ಗೊತ್ತಾಗುತ್ತದೆ. ಅದಕ್ಕೇ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತೇನೆ, ನೀವು ತಿರುಗಿಸಿಕೊಳ್ಳಿ.

ಎಣಿಕೆ ಎಂಬ ಡಬ್ಬಿಯಲ್ಲಿ ಒಂದು ಇಡು.
ಎಣಿಕೆ ಹತ್ತನ್ನು ಮೀರದಿರುವವರೆಗೆ ಇದನ್ನೇ ಮಾಡುತ್ತಿರು:
ಎಣಿಕೆಯಲ್ಲಿ ಇರುವುದನ್ನು ತೋರಿಸು.

ಮೂರೇ ಸಾಲು! ಲ್ಯಾಬಿನ ಕಂಪ್ಯೂಟರಿನಲ್ಲಿ ಬಡಿದೆ. ಒಂದರಿಂದ ಹತ್ತು, ಒಂದರ ಕೆಳಗೆ ಒಂದು, ಸಾಲಾಗಿ ಬಂದು ನಿಂತವು. ನೋಡಿ ಎಷ್ಟು ಖುಷಿಯಾಯಿತು ಗೊತ್ತೆ? ಆರು ತಿಂಗಳು ಪೆನ್ಸಿಲ್ ಹಿಡಿದು ಕೂತಿದ್ದರೆ ಈ ಖುಷಿ ಸಿಗುತ್ತಿತ್ತೆ?

ಮುಂದಿನದು ಕೊಡಿ. ಸ್ವಲ್ಪ ಗಟ್ಟಿಯಾದದ್ದು ಕೊಡಿ.

ಇಲ್ಲಿ ನನ್ನ ಪಕ್ಕದ ಮಂಚದವಳು ಸೆಲ್ವಿ ಎಂದು, ಸತ್ಯಮಂಗಲದ ಕಡೆಯವಳು, ಹದಿನೆಂಟು ತುಂಬಿದೆ. ಅವಳೂ ಮನೆಯಲ್ಲಿ ಕನ್ನಡವೇ ಆಡುವುದು, ಓದಲು ಬರುವುದಿಲ್ಲ. ನಾನು ಕಾಗದ ಬರೆಯುವಾಗ ಪಕ್ಕದಲ್ಲಿ ಕೂತು, “ಏನಕ್ಕ ಬರ್ದೆ, ಓದಿ ಹೇಳು” ಎಂದು ಪೀಡಿಸುತ್ತಾಳೆ. ಮನೆ ಮಾತು ಕೇಳಿದರೆ ಅವಳಿಗೆ ನಿದ್ದೆ ಬರುತ್ತದಂತೆ. ನನಗೆ ಉಲ್ಟಾ. ಕೇಳಿದ ಮೇಲೆ ನಿದ್ದೆ ಹಾರಿಹೋಗುತ್ತದೆ.

ವಿನೋದಿನಿ


ಅನ್ನೂರು
21 ಫೆಬ್ರವರಿ 2025

ಅಮ್ಮಿಣಿಗೆ,

ನಿನ್ನ ಮೂರು ಸಾಲು ಓದಿದೆ. ತಲೆಯೊಳಗೆ ಓಡಿಸಿಯೂ ನೋಡಿದೆ.

ಬೇರೆ ಏನೂ ಕೇಳುವುದಿಲ್ಲ, ಒಂದೇ ಪ್ರಶ್ನೆ. ನಿಮ್ಮ ಮನೆಯ ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ಇದೆಯಲ್ಲ, ಸೀರೆಯ ಹೂವಿಗೆ ತೂತು ಹೊಡೆದ ರಟ್ಟಿನ ಅಟ್ಟೆಗಳು ಮಾಲೆಯ ಹಾಗೆ ತೂಗುತ್ತವಲ್ಲ. ಅಪ್ಪ ಕಾಲಮಣೆ ಒತ್ತಿದಾಗಲೆಲ್ಲ ಒಂದು ಅಟ್ಟೆ ಹೋಗಿ ಮುಂದಿನ ಅಟ್ಟೆ ಬರುತ್ತದೆ. ಅದನ್ನು ಮುಂದಕ್ಕೆ ಸರಿಸುವವರು ಯಾರು? ಅಪ್ಪ ಎದ್ದು ಹೋಗಿ ಕೈಯಿಂದ ಸರಿಸುತ್ತಾರೆಯೆ? ಕಂಪ್ಯೂಟರಿನಲ್ಲಿ ಹಾಗೆ ಸರಿಸುವವರು ಯಾರು?

ಹತ್ತರವರೆಗೆ ನಿಜವಾಗಿ ಬಂತೆ? ಇನ್ನೊಮ್ಮೆ ನೋಡು. ಅವಸರವಿಲ್ಲ.

ನಿನ್ನ ಕಾಗದದ ಮಡಿಕೆಯಲ್ಲಿ ಹತ್ತಿಯ ಸಣ್ಣ ಧೂಳು ಇತ್ತು, ತೆರೆದ ತಕ್ಷಣ ಸೀನು ಬಂತು. ಲ್ಯಾಬಿನಲ್ಲಿ ಗಾಜಿನ ಬಾಗಿಲು, ಎ.ಸಿ. ಎಲ್ಲ ಇರುತ್ತದೆ ಎಂದುಕೊಂಡಿದ್ದೆ. ಮೂಗಿಗೆ ಬಟ್ಟೆ ಕಟ್ಟಿಕೋ.

ಮಾವ


ಹಾಸ್ಟೆಲ್
4 ಮಾರ್ಚ್ 2025

ಮಾವನಿಗೆ,

ನೀವು ನನ್ನನ್ನು ನಂಬುವುದಿಲ್ಲ ಎಂದು ನೇರವಾಗಿ ಹೇಳಿ. ಅಟ್ಟೆ, ಕಾಲಮಣೆ ಎಂದು ಸುತ್ತಿ ಬಳಸುವುದು ಯಾಕೆ?

ಬಂತು ಎಂದರೆ ಬಂತು. ನಾನೇ ಕಣ್ಣಾರೆ ನೋಡಿದೆ. ನೀವು ತಲೆಯೊಳಗೆ ಓಡಿಸುತ್ತೀರಿ, ನಾನು ಕೈಯಿಂದ ಓಡಿಸುತ್ತೇನೆ, ಕೈಯಿಂದ ಓಡಿಸಿದವಳ ಮಾತು ನಿಮಗೆ ಹಗುರ. ಇದು ಹೊಸದೇನಲ್ಲ. ನಿಮ್ಮ ಕಾಲೇಜಿನ ಹುಡುಗರು ನಿಮ್ಮ ಮೇಲೆ ಪುಕಾರು ಕೊಟ್ಟಿದ್ದರು ಎಂದು ಅಮ್ಮ ಹೇಳಿದ್ದಳು. ಭೂಪತಿ ಸಾರ್ ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ, ಮೂರು ವರ್ಷವೂ ಬೋರ್ಡ್ ನೋಡಿಯೇ ಮುಗಿಯಿತು ಎಂದು. ಅವರ ಹೊಟ್ಟೆ ಉರಿದದ್ದು ನನಗೆ ಈಗ ಅರ್ಥವಾಗುತ್ತಿದೆ.

ಅದೇ ಪ್ರೋಗ್ರಾಮನ್ನು ಇನ್ನೂ ಅಚ್ಚುಕಟ್ಟಾಗಿ ಬರೆದು ಕಳಿಸಿದ್ದೇನೆ. ಕೊನೆಗೆ ಒಂದು ಸಾಲು ಜಾಸ್ತಿ ಇದೆ: ಎಣಿಕೆಗೆ ಒಂದು ಸೇರಿಸು. ಮೊದಲಿನದು ತಪ್ಪು ಎಂದಲ್ಲ, ನೋಡಲು ಚೆನ್ನಾಗಿರಲಿ ಎಂದು ಹಾಕಿದೆ.

ನಿಮಗೆ ಸಂಜೆಯಾದರೆ ಮನೆ ತುಂಬ ಹುಡುಗರು. ಇಲ್ಲಿ ಒಂದು ಹಾಲ್‌ನಲ್ಲಿ ನಲವತ್ತು ಜನ ಮಲಗುತ್ತೇವೆ, ಮಾತಾಡುವುದಕ್ಕೆ ಯಾರೂ ಇಲ್ಲ. ನಿಮ್ಮ ಕಾಗದಕ್ಕೆ ಕಾಯುವುದು, ಬಂದ ಮೇಲೆ ಅದರಲ್ಲಿ ಬೈಗುಳ ಓದುವುದು. ಇಷ್ಟೇ ನನ್ನ ಹಬ್ಬ.

ವಿನೋದಿನಿ


ಹಾಸ್ಟೆಲ್
23 ಮಾರ್ಚ್ 2025

ಮಾವ,

ಹತ್ತೊಂಬತ್ತು ದಿನವಾಯಿತು. ಕೋಪವೆ?

ಪುಕಾರಿನ ಮಾತು ಬರೆಯಬಾರದಿತ್ತು. ಅಂಟಿಸಿದ ಮೇಲೆ ಕಿತ್ತುಕೊಳ್ಳೋಣ ಎಂದು ಓಡಿದೆ, ವಾರ್ಡನ್ ಆಗಲೇ ಚೀಲಕ್ಕೆ ಹಾಕಿದ್ದರು.

ಪ್ರೋಗ್ರಾಂ ಬೇಡ, ಬೈಯುವುದೂ ಬೇಡ. ಅನ್ನೂರಿನಲ್ಲಿ ಬಿಸಿಲು ಹೇಗಿದೆ ಎಂದು ಒಂದು ಸಾಲು ಬರೆದರೆ ಸಾಕು.

ವಿನೋದಿನಿ


ಅನ್ನೂರು
2 ಏಪ್ರಿಲ್ 2025

ಅಮ್ಮಿಣಿಗೆ,

ಬಿಸಿಲು ಜೋರಾಗಿದೆ. ಕೋಪವಿಲ್ಲ. ಕೊಯಮತ್ತೂರಿನಲ್ಲಿ ಸ್ವಲ್ಪ ಕೆಲಸವಿತ್ತು, ಅದಕ್ಕೇ ತಡವಾಯಿತು.

ಪುಕಾರು ಕೊಟ್ಟದ್ದು ನಿಜ. ಲ್ಯಾಬಿನಲ್ಲಿ ಎಂಟು ಕಂಪ್ಯೂಟರ್, ಕ್ಲಾಸಿನಲ್ಲಿ ಅರವತ್ತು ಜನ. ಕಾಗದದ ಮೇಲೆ ಸರಿಯಾಗಿ ಬರೆದವರನ್ನು ಮಾತ್ರ ಒಳಗೆ ಬಿಡುತ್ತಿದ್ದೆ. ಬರೆಯಲು ಬಾರದವರು ಇನ್ನಷ್ಟು ಬರೆಯಲಿ ಎಂದು ಹೊರಗೆ ಕೂರಿಸುತ್ತಿದ್ದೆ. ಅದು ನ್ಯಾಯ ಎಂದೇ ತಿಳಿದಿದ್ದೆ. ತೆನ್ಮೊಳಿ ಎಂದು ಒಬ್ಬಳಿದ್ದಳು. ಮೂರು ವರ್ಷ ಹೊರಗೇ ಕೂತಳು. ಕೊನೆಯ ದಿನ ಬಂದು, “ಸಾರ್, ಒಂದ್ ದಡವೆ ತೊಟ್ಟು ಪಾತ್ತುಕ್ಕಟ್ಟುಮಾ?” ಎಂದಳು, ಒಂದು ಸಲ ಮುಟ್ಟಿ ನೋಡಲೇ ಎಂದು. ಲ್ಯಾಬಿಗೆ ಬೀಗ ಹಾಕಿಯಾಗಿತ್ತು, ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಹೊತ್ತಾಯಿತು ಹೋಗಮ್ಮ ಎಂದೆ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ. ನೀನು ಬರೆದಾಗ ನೋವಾಗಿದ್ದು ನೀನು ಬರೆದೆ ಎಂದಲ್ಲ.

ನಿನ್ನ ಹೊಸ ಪ್ರೋಗ್ರಾಂ ಸರಿಯಾಗಿದೆ. ಆ ಕೊನೆಯ ಸಾಲು ಬಹಳ ಚೆನ್ನಾಗಿದೆ.

ಜೊತೆಗೆ ಒಂದು ಪಾರ್ಸೆಲ್ ಕಳಿಸಿದ್ದೇನೆ. ನಿಮ್ಮ ಅಪ್ಪ ಬೇಡವೆಂದು ಎಸೆದಾಗ ನಾನು ಎತ್ತಿಟ್ಟುಕೊಂಡಿದ್ದ ಹಳೆಯ ಜಕಾರ್ಡ್ ಅಟ್ಟೆಗಳು, ಒಂದಕ್ಕೊಂದು ಹೊಲಿದಿದ್ದೇನೆ. ಮಡಚಿ ದಿಂಬಿನ ಕೆಳಗೆ ಇಡಬಹುದು. ಅದರ ಮೇಲೆ ಏನು ಬರೆದಿದೆ ಎಂದು ನೋಡಿದರೆ ತಿಳಿಯುತ್ತದೆ. ಮಿಲ್ಲಿನಲ್ಲಿ ಕರೆಂಟು ಹೋದಾಗ ಉಪಯೋಗಕ್ಕೆ ಬರಲಿ ಎಂದು, ಬೇರೇನಿಲ್ಲ. ವಾರ್ಡನ್ ಕೇಳಿದರೆ ಸೀರೆಯ ಡಿಸೈನ್ ಎನ್ನು.

ಮಾವ


ಹಾಸ್ಟೆಲ್
20 ಏಪ್ರಿಲ್ 2025

ಮಾವ,

ಪಾರ್ಸೆಲ್ ಬಿಚ್ಚಿದೆ. ಅಟ್ಟೆಯ ಮೇಲೆ ಚೌಕ ಚೌಕವಾಗಿ ಅಕ್ಷರಗಳು, ಅಂಕಿಗಳು, ಆವರಣ ಚಿಹ್ನೆಗಳು. ಪೂರ್ತಿ ಒಂದು ಕೀಬೋರ್ಡ್. ಮಂಚದ ಮೇಲೆ ಹರಡಿಕೊಂಡು ಒಂದೊಂದೇ ಚೌಕ ನೋಡಿದೆ. ಕಂಪ್ಯೂಟರ್ ಇರುವವಳಿಗೆ ಅಟ್ಟೆಯ ಕೀಬೋರ್ಡ್ ಯಾರಾದರೂ ಕಳಿಸುತ್ತಾರೆಯೆ? ನಿಮಗೆ ಗೊತ್ತಾಗಿದೆ. ಯಾವಾಗಿನಿಂದ ಗೊತ್ತು?

ಹೇಳಿಬಿಡುತ್ತೇನೆ. ನನ್ನನ್ನು ಲ್ಯಾಬಿಗೆ ಹಾಕಿದ್ದು ಹನ್ನೆರಡು ದಿನ ಮಾತ್ರ. ನಿಮ್ಮ ಮೊದಲ ಕಾಗದ ಬರುವಷ್ಟರಲ್ಲಿ ನೂಲುವ ಯಂತ್ರಗಳ ನಡುವೆ ವಾಪಸ್ ಬಂದಿದ್ದೆ. ಆ ಹನ್ನೆರಡು ದಿನವೂ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿತ್ತು. ನಾನು ಅದರ ಮೇಲಿನ ಧೂಳು ಒರೆಸಿದ್ದೇನೆ, ಅಷ್ಟೇ. ಒಂದು ಅಕ್ಷರವನ್ನೂ ಒತ್ತಿಲ್ಲ.

ಕೈಯಿಂದಲೇ ಕಲಿಯುತ್ತೇನೆ ಎಂದು ದೊಡ್ಡದಾಗಿ ಬರೆದಿದ್ದೆ, ಕೈಗೆ ಏನೂ ಸಿಗಲಿಲ್ಲ ಎಂದು ಹೇಗೆ ಬರೆಯಲಿ? ಹೇಳಿದರೆ ನೀವು ಪಾಠ ನಿಲ್ಲಿಸುತ್ತೀರಿ, ಕಾಗದ ಬರುವುದೂ ನಿಲ್ಲುತ್ತದೆ ಎಂದು ಹೆದರಿದೆ. ನಾಚಿಕೆಯಾಗುತ್ತದೆ ಮಾವ.

ಆದರೆ ನಮ್ಮ ಹಾಸ್ಟೆಲ್ಲಿನಲ್ಲಿ ಒಂದು ಕಂಪ್ಯೂಟರ್ ಇದೆ. ಅದರ ಹೆಸರು ಸೆಲ್ವಿ. ನೀವು ಅಟ್ಟೆಯ ಪ್ರಶ್ನೆ ಕೇಳಿದಾಗ ನಿಮಗೆ ಬೈದು ಉತ್ತರ ಬರೆದೆನಲ್ಲ, ಅದಕ್ಕೆ ಹಿಂದಿನ ದಿನ ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ನೂಲು ಸುತ್ತುವ ಒಂದು ಖಾಲಿ ಕೋನ್ ಇಟ್ಟು ಇದು ಡಬ್ಬಿ ಎಂದೆ. ಒಳಗೆ ಒಂದು ಎಂದು ಬರೆದ ಚೀಟಿ ಹಾಕಿದೆ. ನಾನು ಸಾಲು ಓದುತ್ತೇನೆ, ಓದಿದ್ದನ್ನು ಮಾತ್ರ ಮಾಡು, ನಿನ್ನ ಬುದ್ಧಿ ಓಡಿಸಬೇಡ ಎಂದೆ. ಅವಳು ಚೀಟಿ ತೆಗೆದು “ಒಂದು” ಎಂದಳು, ಮತ್ತೆ ಹಾಕಿದಳು, ಮತ್ತೆ ತೆಗೆದು “ಒಂದು” ಎಂದಳು. ಹೀಗೇ ಎಂಟು ಸಲ. ಕೊನೆಗೆ ಚೀಟಿ ಎಸೆದು, “ಎಷ್ಟ್ ದಡವೆ ತೆಗ್ದ್ರೂ ಒಂದೇ ಅದೆ ಅಕ್ಕ! ಏರ್ಸು ಅಂತ ನೀ ಎಲ್ಲಿ ಹೇಳ್ದೆ?” ಎಂದಳು. ಎಣಿಕೆ ತಾನೇ ಮುಂದಕ್ಕೆ ಸರಿಯುತ್ತದೆ ಎಂದುಕೊಂಡಿದ್ದೆ ಮಾವ. ಹುಟ್ಟಿದಾಗಿನಿಂದ ಅಟ್ಟೆ ತಾನೇ ಸರಿಯುವುದನ್ನೇ ನೋಡಿದ್ದೇನಲ್ಲ.

ಈಗ ಭಾನುವಾರ ಬಟ್ಟೆ ಒಗೆದ ಮೇಲೆ ಆರು ಹುಡುಗಿಯರು ಸೇರುತ್ತಾರೆ. ಒಬ್ಬೊಬ್ಬರೂ ಒಂದೊಂದು ಡಬ್ಬಿ. ವಾರ್ಡನ್ ಕೇಳಿದರೆ ಆಟ ಎನ್ನುತ್ತೇವೆ. ಕೊನೆಗೆ ನೋಡಿದರೆ ನಾನು ಮಾಡುತ್ತಿರುವುದು ನೀವು ಹೇಳಿದ್ದನ್ನೇ. ನಗಬೇಡಿ.

ಇನ್ನೊಂದು ವಿಷಯ. ಮಾರ್ಚ್ ಮಧ್ಯದಲ್ಲಿ ಒಬ್ಬ ಯಜಮಾನರು ಗೇಟಿಗೆ ಬಂದಿದ್ದರಂತೆ. ಎಡಗಾಲು ಎಳೆದುಕೊಂಡು ನಡೆಯುತ್ತಿದ್ದರಂತೆ, ಕಂಕುಳಲ್ಲಿ ಅಟ್ಟೆಯ ಕಟ್ಟು. ತಾಯಿ ತಂದೆ ಬಿಟ್ಟು ಬೇರೆ ಯಾರನ್ನೂ ಬಿಡುವುದಿಲ್ಲ ಎಂದು ವಾಚ್‌ಮನ್ ವಾಪಸ್ ಕಳಿಸಿದನಂತೆ. ಸೆಲ್ವಿ ಹೇಳಿದಾಗ ಯಾರೋ ಅಟ್ಟೆ ಮಾರುವವರು ಇರಬೇಕು ಎಂದು ನಾನು ನಕ್ಕಿದ್ದೆ. ಅದು ನೀವೇನಾ? ಕಾಲಿಗೆ ಏನಾಗಿದೆ?

ವಿನೋದಿನಿ


ಅನ್ನೂರು
29 ಏಪ್ರಿಲ್ 2025

ಅಮ್ಮಿಣಿಗೆ,

ನಿನ್ನ ಮೂರು ಸಾಲು ಬಂದ ವಾರವೇ ಗೊತ್ತಾಯಿತು. ಅದನ್ನು ನಿಜವಾಗಿ ಓಡಿಸಿದ್ದರೆ ಒಂದು, ಒಂದು, ಒಂದು ಎಂದು ಪರದೆ ತುಂಬುತ್ತಿತ್ತೇ ಹೊರತು ಎರಡು ಬರುತ್ತಲೇ ಇರಲಿಲ್ಲ. ನೇಕಾರರ ಮಗಳು ಮಾತ್ರ ಮಾಡುವ ತಪ್ಪು. ಅದನ್ನು ನೋಡಿ ನನಗೆ ಕೋಪ ಬರಲಿಲ್ಲ. ನಮ್ಮ ಮನೆಯ ಕೂಸು ಎಂದು ಹೆಮ್ಮೆಯೇ ಆಯಿತು. ನಾನೂ ಹೇಳದೆ ಇದ್ದದ್ದು ನಿನ್ನ ಹೆದರಿಕೆಯೇ ನನಗೂ ಇದ್ದುದರಿಂದ.

ನಗಲಿಲ್ಲ. ನನ್ನ ಕ್ಲಾಸಿಗೆ ಸೆಲ್ವಿಯಂಥ ಕಂಪ್ಯೂಟರ್ ಬಂದಿದ್ದರೆ ಯಾರನ್ನೂ ಹೊರಗೆ ಕೂರಿಸಬೇಕಾಗಿರಲಿಲ್ಲ.

ಇನ್ನು ಆರು ವಾರ ಇದೆ. ದಿನಾ ಅರ್ಧ ಗಂಟೆ ಅಟ್ಟೆಯ ಮೇಲೆ ಬೆರಳು ಆಡಿಸು. ನೋಡದೆ ಒತ್ತಲು ಬರಬೇಕು. ಈ ಹಾಳೆಯ ಹಿಂಬದಿಯಲ್ಲಿ ಹನ್ನೆರಡು ಲೆಕ್ಕ ಇದೆ, ವಾರಕ್ಕೆ ಎರಡರಂತೆ ಟೆರೇಸಿನಲ್ಲಿ ಆಡಿಸಿ ನೋಡಿ ನನಗೆ ಕಳಿಸು.

ಮಾವ


ಹಾಸ್ಟೆಲ್
22 ಜೂನ್ 2025

ಮಾವ, ಮಾವ, ಮಾವ!

ಸಿಕ್ಕಿತು! ಜುಲೈ ಒಂದಕ್ಕೆ ಬಂದು ಸೇರು ಎಂದಿದ್ದಾರೆ. ನಿನ್ನೆ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದಾರೆ, ಅವಳು ಇವತ್ತು ಹೇಳಿದಳು. ನಾನು ಕರಾರಿಗೆ ಸಹಿ ಹಾಕಲಿಲ್ಲ.

ಪರೀಕ್ಷೆಯ ಕಥೆ ಕೇಳಿ. ಅಮ್ಮನಿಗೆ ಹುಷಾರಿಲ್ಲ ಎಂದು ಲೀವು ತೆಗೆದುಕೊಂಡು ಹೋದೆ. ಒಟ್ಟು ಹನ್ನೊಂದು ಜನ. ಕೂರುತ್ತಿದ್ದ ಹಾಗೆಯೇ ಹತ್ತು ಜನರೂ ಟಕಟಕ ಶುರು ಮಾಡಿದರು. ನಾನು ಚೀಲದಿಂದ ಪೆನ್ಸಿಲ್ ತೆಗೆದು ಕಾಗದದಲ್ಲಿ ಬರೆಯತೊಡಗಿದೆ. ಅಲ್ಲಿದ್ದ ಮೇಡಂ ಬಂದು, “ಏನ್‌ಮ್ಮಾ, ಟೈಪ್ ಪಣ್ಣ ತೆರಿಯಾದಾ?” ಎಂದರು. ಟೈಪ್ ಮಾಡಲು ಬರುತ್ತದೆ ಮೇಡಂ, ಮೊದಲು ಆಡಿಸಿ ನೋಡುತ್ತೇನೆ ಎಂದೆ. ಒಂದು ಪಟ್ಟಿಯಲ್ಲಿ ಎರಡು ಸಲ ಬಂದಿರುವ ಸಂಖ್ಯೆಗಳನ್ನು ಹುಡುಕಬೇಕಿತ್ತು. ಕಣ್ಣು ಮುಚ್ಚಿ ಟೆರೇಸಿನ ಆರೂ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡೆ. ಮೂವತ್ತು ನಿಮಿಷ ಕಾಗದದ ಮೇಲೇ ಹೋಯಿತು.

ಆಮೇಲೆ ಕೀಬೋರ್ಡ್ ಮುಟ್ಟಿದೆ. ಜೀವಮಾನದಲ್ಲಿ ಮೊದಲ ಸಲ. ಬೆರಳುಗಳಿಗೆ ದಾರಿ ಗೊತ್ತಿತ್ತು ಮಾವ! ಆದರೆ ಅಟ್ಟೆಯ ಮೇಲೆ ಬೆರಳು ಎಷ್ಟು ಹೊತ್ತು ಇಟ್ಟರೂ ಏನೂ ಆಗುವುದಿಲ್ಲ, ಇಲ್ಲಿ ಸ್ವಲ್ಪ ಒತ್ತಿ ಹಿಡಿದೆ, ಒಂದೇ ಅಕ್ಷರ ಸಾಲು ತುಂಬ ಓಡಿಬಿಟ್ಟಿತು. ಅಳಿಸೋಣ ಎಂದರೆ ಅಳಿಸುವ ಕೀ ಎಲ್ಲಿದೆ ಎಂದೇ ಗೊತ್ತಿಲ್ಲ. ಬಲಗಡೆ ಮೇಲಿನ ಮೂಲೆಯಲ್ಲಿ ನೀವು ಅದನ್ನು ಬರೆದೇ ಇರಲಿಲ್ಲ. ಮೇಡಂನ ಕೇಳಿದೆ. ಅವರು ನನ್ನನ್ನು ಒಂದು ಥರ ನೋಡಿ, ಬೆರಳು ತೋರಿಸಿದರು. ತಪ್ಪೇ ಮಾಡಬಾರದು ಎಂದು ಬೇಕೆಂದೇ ಬಿಟ್ಟಿರಾ?

ಓಡಿಸಿದೆ. ಒಂದೇ ಸಲಕ್ಕೆ ಸರಿಯಾಗಿ ಬಂತು. ಉಳಿದ ಹತ್ತು ಜನ ಇನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು. ಫೆಬ್ರವರಿಯಲ್ಲಿ ಸುಳ್ಳು ಹೇಳಿದ್ದೆನಲ್ಲ ಖುಷಿಯಾಯಿತು ಎಂದು, ಆ ಖುಷಿ ಆಗ ಬಂತು. ಅಳು ಬಂತು. ಮೇಡಂ ನನ್ನ ಪೆನ್ಸಿಲ್ ಹಾಳೆಯನ್ನು ಕೇಳಿ ಇಟ್ಟುಕೊಂಡರು.

ಇನ್ನು ಫೋನು ನನ್ನ ಕೈಯಲ್ಲೇ ಇರುತ್ತದೆ. ಸ್ಟ್ಯಾಂಪೂ ಬೇಡ, ಅಂಟೂ ಬೇಡ, ವಾರಗಟ್ಟಲೆ ಕಾಯುವುದೂ ಬೇಡ! ದಿನಾ ನಿಮಗೆ ಫೋನ್ ಮಾಡುತ್ತೇನೆ. ಸಿಗ್ನಲ್ ಸಿಗದಿದ್ದರೆ ಟೆರೇಸಿಗೆ ಹತ್ತಿ. ಇದೇ ನನ್ನ ಕೊನೆಯ ಕಾಗದ.

ಪರೀಕ್ಷೆ ಬರೆದು ಬಂದಾಗಿನಿಂದ ಸೆಲ್ವಿ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅಟ್ಟೆ ಅವಳಿಗೇ ಕೊಟ್ಟು ಹೋಗುತ್ತೇನೆ. ಅಳಿಸುವ ಕೀ ನಾನೇ ಬರೆದಿದ್ದೇನೆ.

ನಿಮ್ಮ
ವಿನೋದಿನಿ


ಅನ್ನೂರು
30 ಜೂನ್ 2025

ಅಮ್ಮಿಣಿಗೆ,

ನೀನು ಹಾಸ್ಟೆಲ್ ಬಿಡುವ ಮೊದಲು ಇದು ತಲುಪುವುದಿಲ್ಲ ಎಂದು ನಿಮ್ಮ ಮನೆಗೆ, ಕುನ್ನತ್ತೂರಿಗೆ ಹಾಕುತ್ತಿದ್ದೇನೆ. ನಿನ್ನ ಕಾಗದ ನಾಲ್ಕು ಸಲ ಓದಿದೆ. ಇಂಥ ಸಂತೋಷ ನನಗೆ ಕಾಲೇಜಿನಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ನೀನು ಹೇಳಿಬಿಟ್ಟೆ. ನಾನು ಇನ್ನೂ ಹೇಳಿಲ್ಲ. ಅದು ಸರಿಯಲ್ಲ.

ಎರಡು ವರ್ಷದ ಹಿಂದೆ ಪರೀಕ್ಷಾ ಡ್ಯೂಟಿ ಎಂದು ಒಂದು ವಾರ ಊರಿನಲ್ಲಿ ಇರಲಿಲ್ಲವಲ್ಲ, ಆಗ ಆಸ್ಪತ್ರೆಯಲ್ಲಿದ್ದೆ. ಸ್ಟ್ರೋಕ್. ಎಡಗಡೆ ಕೈ ಕಾಲು ಸೋತವು. ನಾನು ಅಕ್ಷರ ಬರೆಯುವುದು ಎಡಗೈಯಲ್ಲಿ ಎಂದು ನಿನಗೆ ಗೊತ್ತು. ಕೆಲಸ ನಾನೇ ಬಿಟ್ಟೆ ಎಂದು ಎಲ್ಲರಿಗೂ ಹೇಳಿದೆ, ನಿಜವನ್ನು ನಿಮ್ಮ ಅಮ್ಮನಿಗೂ ಹೇಳಿಲ್ಲ. ನನ್ನ ಕಾಗದ ಒಂದೊಂದಕ್ಕೂ ಮೂರು ದಿನ ಹಿಡಿಯುತ್ತದೆ. ಕೀಬೋರ್ಡ್ ಬರೆಯಲು ಹನ್ನೊಂದು ದಿನ ಹಿಡಿಯಿತು, ಕೊಯಮತ್ತೂರಿನಲ್ಲಿ ಯಾವ ಕೆಲಸವೂ ಇರಲಿಲ್ಲ. ಆ ಮೂಲೆಗೆ ಬರುವಷ್ಟರಲ್ಲಿ ಕೈ ಬಿದ್ದುಹೋಯಿತು. ಬೇಕೆಂದು ಬಿಟ್ಟದ್ದಲ್ಲ. ಗೇಟಿಗೆ ಬಂದವನೂ ನಾನೇ.

ಮನೆಗೆ ಟ್ಯೂಷನ್ ಹುಡುಗರು ಯಾರೂ ಬರುವುದಿಲ್ಲ. ಸಂಜೆ ನಾನೊಬ್ಬನೇ ಇರುತ್ತೇನೆ.

ಇನ್ನೊಂದು ಇದೆ, ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. ತಲೆಯೊಳಗೆ ಓಡಿಸುತ್ತೇನೆ ಎಂದೆನಲ್ಲ, ಅದು ಈಗ ನನ್ನಿಂದ ಆಗುವುದಿಲ್ಲ. ಮೂರನೆಯ ಸಾಲಿಗೆ ಬರುವಾಗ ಮೊದಲನೆಯ ಡಬ್ಬಿಯಲ್ಲಿ ಏನಿತ್ತು ಎಂದು ಮರೆತುಹೋಗುತ್ತದೆ. ನಿನ್ನ ಮೂರು ಸಾಲನ್ನು ಕಾಗದದ ಮೇಲೆ ಒಂದು ದಿನವೆಲ್ಲ ನೋಡಿದೆ, ಸರಿಯಾಗಿದೆ ಎಂದೇ ಅನ್ನಿಸಿತು. ನಾನೂ ಮಗ್ಗದ ಮನೆಯಲ್ಲಿ ಹುಟ್ಟಿದವನಲ್ಲವೆ. ಆಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ ಸುಶೀಲ ಎಂಬವಳ ಬ್ರೌಸಿಂಗ್ ಸೆಂಟರಿಗೆ ಹೋಗಿ ಒಂದೊಂದೇ ಬೆರಳಿನಲ್ಲಿ ಒತ್ತಿ ಓಡಿಸಿದೆ. ಪರದೆಯೆಲ್ಲ ಒಂದು ಒಂದು ಒಂದು ಎಂದು ತುಂಬಿ ಓಡತೊಡಗಿತು. ಆ ಹೆಂಗಸು ಗಾಬರಿಯಾಗಿ, “ಸಾರ್, ಎನ್ನ ಸಾರ್ ಇದು, ನಿಕ್ಕವೇ ಮಾಟ್ಟೇಂಗುದು!” ನಿಲ್ಲುವುದೇ ಇಲ್ಲವಲ್ಲ ಎಂದು ವೈರ್ ಕಿತ್ತಳು. ಆಗ ನಿನಗೆ ಯಂತ್ರವಿಲ್ಲ ಎಂದು ತಿಳಿಯಿತು. ನನಗೆ ತಲೆಯಿಲ್ಲ ಎಂದೂ ತಿಳಿಯಿತು. ನಿನ್ನ ಪ್ರತಿಯೊಂದು ಲೆಕ್ಕವನ್ನೂ ಅಲ್ಲೇ ಓಡಿಸಿ ನೋಡಿದ್ದೇನೆ, ಕೀಬೋರ್ಡ್ ಬಡಿದು ಬಡಿದು. ಯಂತ್ರ ಮುಟ್ಟಬೇಡಿ ಎಂದು ಇಪ್ಪತ್ತೆರಡು ವರ್ಷ ಕೂಗಿದ ಭೂಪತಿ ಸಾರ್.

ಫೋನ್ ಮಾಡುತ್ತೇನೆ ಎಂದಿದ್ದೀಯ. ಸಿಗ್ನಲ್ ಚೆನ್ನಾಗಿಯೇ ಇದೆ. ನನ್ನ ನಾಲಿಗೆ ಸರಿಯಿಲ್ಲ ಅಮ್ಮಿಣಿ. ಒಂದು ಮಾತು ಹುಡುಕುವಷ್ಟರಲ್ಲಿ ಎದುರಿಗಿದ್ದವರು ಹಲೋ ಹಲೋ ಎನ್ನುತ್ತಾರೆ, ಆಮೇಲೆ ಇಟ್ಟುಬಿಡುತ್ತಾರೆ. ಕಾಗದದಲ್ಲಿ ನಾನು ಎಷ್ಟು ಹೊತ್ತು ತೆಗೆದುಕೊಂಡೆ ಎಂದು ಯಾರಿಗೂ ಕಾಣಿಸುವುದಿಲ್ಲ. ಈ ಆರು ತಿಂಗಳು ನಿನ್ನ ಮುಂದೆ ಮೊದಲಿನ ಮಾವನಾಗಿಯೇ ಇದ್ದೆ.

ನೀನು ಫೋನ್ ಮಾಡು, ನೀನು ಮಾತಾಡು, ನಾನು ಕೇಳಿಸಿಕೊಳ್ಳುತ್ತೇನೆ. ಉತ್ತರ ಬರದಿದ್ದರೆ ಇಟ್ಟುಬಿಡಬೇಡ.

ಇವತ್ತು ಬೆಳಗ್ಗೆ ಸುಶೀಲಳ ಅಂಗಡಿಗೆ ಹೋಗಿದ್ದೆ. ಓಡಿಸುವುದಕ್ಕೆ ಹೊಸ ಲೆಕ್ಕ ಇರಲಿಲ್ಲ. ನಿನ್ನ ಮೊದಲಿನ ಮೂರು ಸಾಲನ್ನೇ ಮತ್ತೆ ಒತ್ತಿದೆ, ಕೊನೆಯ ಸಾಲು ಸೇರಿಸಲಿಲ್ಲ. ಪರದೆ ತುಂಬ ಒಂದು, ಒಂದು, ಒಂದು. ಅವಳು ವೈರ್ ಹತ್ತಿರ ಬಂದು, “ನಿರುತ್ತಟ್ಟುಮಾ ಸಾರ್?” ಎಂದಳು, ನಿಲ್ಲಿಸಲೇ ಎಂದು. ಬೇಡ ಎನ್ನಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಕಾದಳು. ಆಮೇಲೆ ಒಂದು ಸ್ಟೂಲ್ ಎಳೆದುಕೊಂಡು ಅವಳೂ ನೋಡುತ್ತಾ ಕೂತಳು.

ನಿನ್ನ ಮಾವ
ಭೂಪತಿ